ಮೇಸ್ತ್ರಿಯ ಅರ್ಧ ಗಂಟೆ

ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಗಂಟಲೇ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಕೆಲಸ ಜಾಸ್ತಿ ಎಂದರೆ ನೀನು ನಂಬುವವಳಲ್ಲ. ಬೈಯುವುದಿದ್ದರೆ ಈಗಲೇ ಬೈದು ಮುಗಿಸಿ, ಮುಂದಕ್ಕೆ ಓದು.

ನಾನು ಅದೇ ಪ್ರಾಣಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ, ಅದೇ ಕುಂಟು ಸ್ಟೂಲಿನ ಮೇಲಿದ್ದೇನೆ. ಇಲ್ಲಿ ಕಸ ಗುಡಿಸುವ ಅಕ್ಕನಿಗೆ ಒಂದು ನಾಯಿಯಿತ್ತು. ಅವಳು ಗುಡಿಸಿದ ಮೂಲೆಯನ್ನೆಲ್ಲ ಹಿಂದಿನಿಂದ ಮೂಸಿ ತಪಾಸಣೆ ಮಾಡುತ್ತಿತ್ತು. ಅದಕ್ಕೇ ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಜನವರಿಯಲ್ಲಿ ಮೇಸ್ತ್ರಿ ಕತ್ತು ವಾಲಿಸಿಕೊಂಡು ಸುತ್ತಿದಲ್ಲೇ ಸುತ್ತತೊಡಗಿತು.

"ನಮ್ಮನೆಯವ್ರ ಕುಡಿತದ ಚಾಳಿ ಇವ್ನಿಗೂ ಬಂತು ಅಂತ ನಗ್ತಿದ್ದೆ ಕಣಮ್ಮ," ಎಂದಳು ಅಕ್ಕ. "ಆಮೇಲೆ ಫಿಟ್ಸ್ ಬಂತು."

ಡಾಕ್ಟರಮ್ಮ ಅರಿವಳಿಕೆ ಕೊಟ್ಟು, ಕತ್ತಿನ ಹಿಂದೆ ಸೂಜಿ ಹಾಕಿ ನೀರು ತೆಗೆದರು. ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿರುವ ನೀರು. ಆರೋಗ್ಯವಾಗಿದ್ದರೆ ಅದರಲ್ಲಿ ಬಿಳಿ ರಕ್ತಕಣಗಳು ಅಪರೂಪ. ಮಿದುಳಿನಲ್ಲಿ ಉರಿಯೂತವಿದ್ದರೆ ತುಂಬಿರುತ್ತವೆ. ಆಗ ಮದ್ದು ಕೊಟ್ಟು ಉಳಿಸಲು ನೋಡಬಹುದು. ಆದರೆ ಹೊರಗೆ ತೆಗೆದ ಅರ್ಧ ಗಂಟೆಯೊಳಗೆ ಎಣಿಸದಿದ್ದರೆ ಕಣಗಳು ಒಡೆದು ಕರಗಿಹೋಗುತ್ತವೆ.

ಹತ್ತೂ ಹತ್ತಕ್ಕೆ ಟ್ಯೂಬು ನನ್ನ ಮೇಜಿಗೆ ಬಂತು. ಅದರ ಬೆನ್ನಿಗೇ ಆಸ್ಪತ್ರೆಯ ಸಾಹೇಬರು ಬಂದರು, ಕೈಯಲ್ಲಿ ಯಾರೋ ದೊಡ್ಡವರ ನಾಯಿಯ ರಕ್ತ. ಆ ನಾಯಿಗೆ ಯಾವ ರೋಗವೂ ಇಲ್ಲ. ವಿಮಾನ ಹತ್ತಲು ಸರ್ಟಿಫಿಕೇಟು ಬೇಕಿತ್ತು.

"ಇದು ಮೊದ್ಲು. ಅವ್ರು ಕಾರಲ್ಲಿ ಕೂತಿದಾರೆ."

"ಸಾರ್, ಈ ನೀರು ಇಟ್ರೆ ಕೆಡುತ್ತೆ."

"ಗುಡಿಸೋಳ ನಾಯಿಗೆ ಅದೇನಮ್ಮ ಅವಸರ?"

ರೋಗಕ್ಕೆ ಮೇಲುಕೀಳಿಲ್ಲ ಗಂಟಲೇ, ಸರದಿಗೆ ಇದೆ. ಅವರು ನನ್ನ ತಲೆಯ ಮೇಲೇ ನಿಂತು ರಕ್ತದ ಕೆಲಸ ಮಾಡಿಸಿದರು. ಮೇಸ್ತ್ರಿಯ ನೀರು ನೋಡುವಾಗ ಹನ್ನೊಂದೂವರೆ. ಗಾಜಿನ ಮೇಲೆ ಒಡೆದ ಚೂರುಗಳಷ್ಟೇ ಇದ್ದವು. ಎಣಿಸಲು ಸಿಕ್ಕಿದ್ದು ಎರಡು ಕಣ. ಹಾಳೆ ಡಾಕ್ಟರಮ್ಮನ ಕೈಗೆ ಹೋಯಿತು.

"ಉರಿಯೂತ ಅಲ್ಲ. ಗಡ್ಡೆ ಇರ್ಬೇಕು. ಇನ್ನು ನರಳಿಸೋದು ಬೇಡ," ಎಂದರು. ನಾಲ್ಕನೆಯ ದಿನ ಸೂಜಿ ಕೊಟ್ಟು ಶಾಶ್ವತವಾಗಿ ಮಲಗಿಸಿದರು. ಅಕ್ಕ ಅದರ ಎರಡೂ ಕಿವಿ ಹಿಡಿದುಕೊಂಡು ಕೂತಿದ್ದಳು. ಆಮೇಲೆ ಎದ್ದು ಆ ಕೋಣೆಯನ್ನು ಅವಳೇ ಒರೆಸಿದಳು. ಅದು ಅವಳ ಪಾಳಿಯಾಗಿತ್ತು.

ಮೆರವಣಿಗೆಗಳಲ್ಲಿ ನೀನು ಕೂಗುತ್ತಿದ್ದೆ, ನಾನು ಬಾಯಿ ಮುಚ್ಚಿಕೊಂಡು ಬ್ಯಾನರಿನ ಕೋಲು ಹಿಡಿಯುತ್ತಿದ್ದೆ. ಕಳೆದ ವಾರ ನನಗೂ ಬಾಯಿ ಬಂತು. ಪೋಸ್ಟ್‌ಮ್ಯಾನ್ ಒಬ್ಬರ ನಾಯಿಯ ನೀರು ಬಂದಿತ್ತು. ಸಾಹೇಬರು ಮತ್ತೆ ಯಾರದೋ ರಕ್ತ ಹಿಡಿದು ಬರುವುದು ಕಂಡಿತು. ಒಳಗಿನಿಂದ ಚಿಲಕ ಹಾಕಿದೆ. ಅವರು ಬಾಗಿಲು ಬಡಿದರು, ನಾನು ಎಣಿಸಿದೆ. ಇನ್ನೂರ ಹನ್ನೆರಡು ಕಣ. ಆ ನಾಯಿ ಈಗ ಎದ್ದು ಓಡಾಡುತ್ತಿದೆ.

ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದೇನೆ: 'ಈ ನೀರು ಯಾರಿಗಾಗಿಯೂ ಕಾಯುವುದಿಲ್ಲ. ಸಾಹೇಬರು ಕಾಯಬಹುದು.' ಕಾಂಪೌಂಡರ್ ಓದಿ, "ಅಮ್ಮಾವ್ರೇ, ನಾಳೆಯಿಂದ ಮನೇಲೇ ಇರ್ತೀರಾ ಹಾಗಾದ್ರೆ?" ಎಂದ. ಸಾಹೇಬರು ನೋಟಿಸು ಕೊಟ್ಟಿದ್ದಾರೆ. ಮಡಿಚಿ ಸ್ಟೂಲಿನ ಕುಂಟುಕಾಲಿನ ಕೆಳಗಿಟ್ಟೆ. ಈಗ ಅಲುಗಾಡುವುದಿಲ್ಲ.

ನಿನ್ನ ಮಗಳಿಗೆ ನನ್ನ ಆಶೀರ್ವಾದ. ನಿನ್ನ ಮಂಡಿ ನಿನ್ನ ಗಂಟಲಿನಷ್ಟೇ ಗಟ್ಟಿಯಾಗಲಿ.

ನಿನ್ನ,
ಬ್ಯಾನರಿನ ಕೋಲು

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ನಮ್ಮ ಹಾಳೆಯಲ್ಲಿ ನೀರು ತೆಗೆದ ಹೊತ್ತು, ನೋಡಿದ ಹೊತ್ತು ಎರಡನ್ನೂ ಬರೆಯಬೇಕು. ಮೇಸ್ತ್ರಿಯ ಹಾಳೆಯಲ್ಲಿ ಹನ್ನೊಂದೂವರೆ ಎಂದು ಬರೆದಿದ್ದರೆ ಡಾಕ್ಟರಮ್ಮ ಆ ಲೆಕ್ಕ ನಂಬದೆ ಮತ್ತೆ ನೀರು ತೆಗೆಯುತ್ತಿದ್ದರು. ನಾನು ಹತ್ತೂ ಇಪ್ಪತ್ತು ಎಂದು ಬರೆದೆ. ಸಾಹೇಬರು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ತಡ ಯಾಕಾಯಿತು ಎಂದು ಯಾರಾದರೂ ಕೇಳಿಯಾರು ಎಂಬ ಹೆದರಿಕೆ, ಅಷ್ಟೇ. ಅಕ್ಕ ಈಗಲೂ ದಿನಾ ಮೊದಲು ನನ್ನ ಕೋಣೆಯನ್ನೇ ಒರೆಸುತ್ತಾಳೆ. "ನೀನೊಬ್ಳೇ ಅವ್ನಿಗೋಸ್ಕರ ಬಾಯಿ ತೆಗ್ದೋಳು ಕಣಮ್ಮ," ಎನ್ನುತ್ತಾಳೆ. ಈ ಭಾನುವಾರ ಅವಳ ಮನೆಗೆ ಹೋಗುತ್ತೇನೆ. ನೀನೂ ಬಾ. ಹೇಳುವುದನ್ನು ನಾನೇ ಹೇಳುತ್ತೇನೆ. ನೀನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತಿರು.