ಚೀಲದ ಮಡಿಕೆಯಲ್ಲಿ ಸಿಕ್ಕ ಮೀಸೆ

ಹಾವೇರಿ, ಗುರುವಾರ

ಅನ್ಯಾಯವಾಗಿ ಮೀಸೆ ಕಳೆದುಕೊಂಡ ರಾಣೆಬೆನ್ನೂರಿನ ಗೆಳೆಯ ಹನುಮೇಶನಿಗೆ,

ಕೂತಿದ್ದರೆ ಕೂತೇ ಓದು. ನಿಂತಿದ್ದರೆ ಗೋಡೆ ಹಿಡಿದುಕೋ. ನಾನು ನಿನ್ನೆ ಸಂಜೆಯಿಂದ ಹಿಡಿದುಕೊಂಡೇ ಇದ್ದೇನೆ.

ಹನ್ನೆರಡು ವರ್ಷದ ಹಿಂದೆ ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದಾಗ ನಾವು ಆಡಿದ ಕೊನೆಯ ಆಟವನ್ನು ನೀನು ಮರೆತಿರಲಾರೆ. ಖಾಲಿ ಚೀಲದ ಮೇಲೆ ಇದ್ದಿಲಿನಿಂದ ಗೀಚಿದ ಏಳಕ್ಕೆ ಏಳು ಮನೆ. ನಿನ್ನದು ಹುಣಸೆಬೀಜ, ನನ್ನದು ಗೋವಿನಜೋಳ. ಅಡ್ಡ, ಉದ್ದ, ಓರೆ, ಹೇಗಾದರೂ ಸರಿ, ಮೊದಲು ನಾಲ್ಕು ಸಾಲಾಗಿ ಕೂಡಿಸಿದವನು ಗೆದ್ದ. ಸೋತವನ ಮೀಸೆ ಹೋಗಬೇಕು. ನಡುವೆ ನೀನು ಕೇಳಿದ್ದೆ: "ಲೇ ವೀರೇಂದ್ರ, ನಂದೊಂದು ಬೀಜ ಎಲ್ಲಿ ಹೋತಲೇ?"

"ಹಸಿವ್ಯಾಗಿ ತಿಂದಿರ್ತಿ. ಸುಮ್ನ ಆಡು" ಎಂದಿದ್ದೆ ನಾನು.

ಮರುಗಳಿಗೆಯಲ್ಲಿ ನನ್ನ ನಾಲ್ಕು ಕಾಳು ಓರೆಯಾಗಿ ಕೂಡಿದವು. ಹಮಾಲ ಅನೀಸ ನನ್ನ ವಿಜಯದ ಫೋಟೊ ಹೊಡೆದ. ನೀನು ಮಾತಿಗೆ ತಪ್ಪದೆ ಅಂದೇ ಬೋಳಿಸಿದೆ. ಮೂರನೆಯ ದಿನ ನಿನ್ನ ಮದುವೆ!

ಅಪ್ಪ ಸತ್ತಾಗ ಮೀಸೆ ತೆಗೆಯುವ ಊರು ನಮ್ಮದು. ಬಾಸಿಂಗ ಕಟ್ಟಿಕೊಂಡ ನಿನ್ನ ಬೋಳು ತುಟಿ ನೋಡಿ ಹೆಣ್ಣಿನ ಅಜ್ಜಿ ಉಡಚವ್ವ, "ನಿಮ್ಮಪ್ಪ ಯಾವಾಗ ಹೋದ್ನೋ ನನ್ನಪ್ಪಾ?" ಎಂದು ಸೆರಗು ಬಾಯಿಗಿಟ್ಟು ಅತ್ತಳು. ನಿಮ್ಮಪ್ಪ ಮಾಲತೇಶಪ್ಪನವರು ಪಕ್ಕದಲ್ಲೇ ಅಕ್ಷತೆ ಹಂಚುತ್ತಿದ್ದರು. ಮಂಟಪದಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅಂದಿನಿಂದ ನೀನು ನನ್ನೊಡನೆ ಚಹಾ ಕುಡಿದಿದ್ದೀ, ನನ್ನವ್ವ ಹೋದಾಗ ಹೆಗಲು ಕೊಟ್ಟಿದ್ದೀ. ಆಟಕ್ಕೆ ಮಾತ್ರ ಕೂತಿಲ್ಲ. ಕರೆದಾಗಲೆಲ್ಲ, "ಬ್ಯಾಡ ಬಿಡೋ" ಅಷ್ಟೆ.

ಈಗ ಆಘಾತದ ಸುದ್ದಿ. ಅಣ್ಣನ ಮಗಳು ಅರುಣಾ ನಮ್ಮ ಆಟವನ್ನು ಫೋನಿಗೆ ಇಳಿಸುತ್ತಿದ್ದಾಳೆ. ಅವಳ ಪ್ರೋಗ್ರಾಮು ಒಂದೊಂದು ಮನೆಯಲ್ಲೂ ನಿಂತು ಬಲಕ್ಕೆ, ಕೆಳಕ್ಕೆ, ಎರಡೂ ಓರೆಗೆ ನೋಡುತ್ತ ಒಂದೇ ಥರದ ಕಾಳು ನಾಲ್ಕಿವೆಯೇ ಎಂದು ಎಣಿಸುತ್ತದೆ. ಪರೀಕ್ಷೆಗೆಂದು ನಾನೇ ಮೀಸೆ ತಿರುವುತ್ತ ಆ ಫೋಟೊ ಕೊಟ್ಟೆ.

"ಕಾಕಾ, ಕೆಳಕ್ಕ ಏಳು ಮನಿ ಅದಾವ, ಅಡ್ಡಕ್ಕ ಆರ. ಒಂದು ಎಲ್ಲಿ ಹೋತು?"

ಫೋಟೊ ದೊಡ್ಡದು ಮಾಡಿದಳು. ಚೀಲ ನಡುವೆ ಮಡಚಿಕೊಂಡು ಒಂದು ಉದ್ದಸಾಲನ್ನೇ ನುಂಗಿತ್ತು. ಚಹಾ ತಗೊಳ್ಳಲು ಹೊರಳಿದಾಗ ನನ್ನ ಮೊಣಕಾಲು ಮಾಡಿದ ಕೆಲಸ. ಮಡಿಕೆಯೊಳಗಿಂದ ನಿನ್ನ ಹುಣಸೆಬೀಜ ಅರ್ಧ ಹೊಟ್ಟೆ ತೋರಿಸುತ್ತ ಮಲಗಿತ್ತು! ನುಂಗಿದ ಸಾಲನ್ನು ಅದರ ಜಾಗಕ್ಕೆ ಕೂಡಿಸಿ ಅರುಣಾ ಗುಂಡಿ ಒತ್ತಿದಳು. ನನ್ನ ಓರೆಸಾಲು ನಡುವಿಗೆ ಮುರಿದು ಎರಡೆರಡಾಯಿತು. ಐದನೆಯ ಅಡ್ಡಸಾಲಿನಲ್ಲಿ ನಿನ್ನ ಮೂರು ಬೀಜದ ನಡುವೆ ನಾಲ್ಕನೆಯದು ಬಂದು ಕೂತಿತು. "ಹುಣಸೆಬೀಜ ಗೆದ್ದಿದೆ" ಎಂದಿತು ಫೋನು.

ಪ್ರೋಗ್ರಾಮೇ ತಪ್ಪು ಎಂದು ಕೂಗಾಡಿದೆ. ಅರುಣಾ ನನ್ನ ಮೀಸೆಯನ್ನೇ ನೋಡುತ್ತ, "ಬೆರಳು ಇಟ್ಟು ಎಣಸ್ರಿ ಕಾಕಾ" ಎಂದಳು. ಎಣಿಸಿದೆ. ಮೂರು ಸಲ.

ಭಾನುವಾರ ಕತ್ತಿ ಹಿಡಿದುಕೊಂಡು ಬರುತ್ತೇನೆ. ನೀನೇ ಬೋಳಿಸು. ಸೋಮವಾರ ಅರುಣಾಳ ನಿಶ್ಚಯ, ಬೀಗರ ಎದುರು ನಾನೇ ಕೂರಬೇಕು. ಯಾರು ಹೋದರು ಎಂದು ಕೇಳಿದರೆ, ನನ್ನ ಸೊಕ್ಕು ಎನ್ನುತ್ತೇನೆ. ಆಮೇಲೆ ಒಂದೇ ಒಂದು ಆಟಕ್ಕೆ ಕೂಡು. ಈ ಸಲ ನೆಲದ ಫರಸಿ ಕಲ್ಲಿನ ಮೇಲೆ ಗೀಚೋಣ, ಅದು ಮಡಚುವುದಿಲ್ಲ.

ನಿನ್ನ ಮೀಸೆ ನೂರು ವರ್ಷ ಹುಲುಸಾಗಿರಲಿ.

ಭಾನುವಾರದವರೆಗೆ ಮಾತ್ರ ಮೀಸೆಯುಳ್ಳ,
ವೀರೇಂದ್ರ