ಒಂದೇ ಕೋಟಿನ ಎರಡು ಫೋಟೊ

ಭಾನುವಾರ, 14 ಸೆಪ್ಟೆಂಬರ್

ಪ್ರೀತಿಯ ಮಗಳಿಗೆ,

ನಿನ್ನ ಎರಡು ಕಾಗದಗಳು ಬಂದು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬರೆಯುವುದಕ್ಕೆ ಕೂತಾಗಲೆಲ್ಲ ನಿನ್ನ ಸೋದರತ್ತೆಯ ಮೇಲಿನ ಸಿಟ್ಟೇ ಪೆನ್ನಿನ ತುದಿಗೆ ಬರುತ್ತಿತ್ತು. ಈಗ ಎಲ್ಲ ಮುಗಿದಿದೆ. ಮೊದಲಿನಿಂದ ಹೇಳುತ್ತೇನೆ.

ಲಾಂಡ್ರಿಯ ಹಿಂದಿನ ಕೋಣೆ ನಿನಗೆ ಗೊತ್ತಲ್ಲ. ಒಂದು ಕಿಟಕಿ, ಎರಡು ಸ್ಟೂಲು. ಇಪ್ಪತ್ತೆರಡು ವರ್ಷದಿಂದ ಒಂದರ ಮೇಲೆ ನಾನು, ಇನ್ನೊಂದರ ಮೇಲೆ ನನ್ನ ನಾದಿನಿ. ಹುಳು ತಿಂದ ಕೋಟು, ಬೆಂಕಿಯ ಕಿಡಿ ತಾಗಿದ ಶಾಲು ನಮ್ಮ ಕೈಗೆ ಬರುತ್ತವೆ. ಅದೇ ಬಟ್ಟೆಯ ಎಳೆ ತೆಗೆದು, ತೂತು ಎಲ್ಲಿತ್ತೆಂದು ತಿಳಿಯದಂತೆ ನೇಯ್ದು ಕೊಡುತ್ತೇವೆ. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು, ಸುಳ್ಳೇಕೆ ಹೇಳಲಿ.

ಜೂನ್‌ನಲ್ಲಿ ಒಂದು ಬೆಳಗ್ಗೆ, ಹಿಂದಿನ ದಿನ ಮುಗಿಸಿದ್ದ ಶಾಲಿನ ಮೇಲೆ ಬೆರಳಾಡಿಸಿದೆ. ನಾನು ದಾರದ ತುದಿಯನ್ನು ಯಾವಾಗಲೂ ಎಡಕ್ಕೆ ಅಡಗಿಸುತ್ತೇನೆ. ಅದು ಬಲಕ್ಕಿತ್ತು. ಬೇರೆ ಯಾರೋ ಅದಕ್ಕೆ ಕೈ ಹಾಕಿದ್ದಾರೆ. ಆಮೇಲೆ ನೋಡಿದ್ದಕ್ಕೆಲ್ಲ ಅನುಮಾನ. ಅವಳು ನನಗಿಂತ ಒಂದು ಗಂಟೆ ಮುಂಚೆ ಬರುವುದೇಕೆ? ನಾನು ಒಳಗೆ ಕಾಲಿಟ್ಟ ಕೂಡಲೇ ಕತ್ತರಿ ಎತ್ತಿಡುವುದೇಕೆ? ಒಳ್ಳೊಳ್ಳೆ ಕೋಟುಗಳನ್ನು ಲಾಂಡ್ರಿಯ ಯಜಮಾನರು ಈಚೆಗೆ ಅವಳಿಗೇ ಕೊಡುವುದೇಕೆ? ನನ್ನ ಕೆಲಸ ಬಿಚ್ಚಿ ಕೆಡಿಸಿ, ನನಗೆ ಕೆಟ್ಟ ಹೆಸರು ತರುತ್ತಿದ್ದಾಳೆ ಎಂದು ತೀರ್ಮಾನಿಸಿಬಿಟ್ಟೆ.

ಸಾಕ್ಷಿ ಬೇಕಿತ್ತು. ಹಳೆಯ ಸಾಮಾನಿನ ಅಂಗಡಿಯಲ್ಲಿ ಒಂದು ಅಗ್ಗದ ಡಿಜಿಟಲ್ ಕ್ಯಾಮೆರಾ ಕೊಂಡೆ. ನನ್ನ ನೇಯ್ಗೆಯ ಹತ್ತಿರದ ಫೋಟೊ ತೆಗೆದು ಪಕ್ಕದ ಸ್ಟುಡಿಯೋದವನಿಗೆ ತೋರಿಸಿದರೆ ಅವನಿಗೆ ನಗು.

"ಅಮ್ಮಾ, ಇದು ಕೋಟೋ, ಮೋಡವೋ?" ಎಂದ. "ಮೂಗು ತಾಗಿಸಿದ್ರೆ ಚೆನ್ನಾಗಿ ಬರುತ್ತೆ ಅನ್ಕೊಂಡ್ರಾ? ನಾಲ್ಕು ಬೆರಳಷ್ಟು ದೂರ ಇಡಿ. ಹತ್ತಿರದ್ದು ತೆಗೆಯೋಕೆ ಈ ಹೂವಿನ ಗುರುತು ಇದ್ಯಲ್ಲ, ಅದನ್ನ ಒತ್ತಿ. ಜೂಮ್ ಮುಟ್ಟಲೇಬೇಡಿ. ಗುಂಡಿ ಅರ್ಧ ಒತ್ತಿ, ಹಸಿರು ಚೌಕ ಬಂದ್ಮೇಲೆ ಪೂರ್ತಿ ಒತ್ತಿ."

"ಆದ್ರೂ ಕದಡಿಹೋಗುತ್ತಲ್ಲಪ್ಪ."

"ಕೈಯಲ್ಲಿ ಹಿಡಿದ್ರೆ ಹಾಗೇ. ಡಬ್ಬಿ ಮೇಲೆ ಕೂರಿಸಿ, ಟೈಮರ್ ಹಾಕಿ, ದೂರ ನಿಂತ್ಕೊಳಿ. ಫ್ಲ್ಯಾಶ್ ಬೇಡ. ಕಿಟಕಿ ಬೆಳಕು ಸಾಕು, ನೆರಳಿರೋ ಕಡೆ ಒಂದು ಬಿಳಿ ಹಾಳೆ ನಿಲ್ಲಿಸಿ."

ಹದಿನೈದು ದಿನ ಕಲಿತೆ. ಕೋಟನ್ನು ಕಿಟಕಿಯ ಪಕ್ಕ ಹಲಗೆಗೆ ಪಿನ್ನು ಚುಚ್ಚಿ ನಿಲ್ಲಿಸಿ, ಎದುರಿಗೆ ದಾರದ ಡಬ್ಬಿಯ ಮೇಲೆ ಕ್ಯಾಮೆರಾ ಕೂರಿಸುತ್ತಿದ್ದೆ. ಹಸಿರು ಚೌಕ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ, ಅಗ್ಗದ ಪರದೆ ಎಂದುಕೊಂಡು ಪೀಂ ಎನ್ನುವ ಸದ್ದಿಗೆ ಒತ್ತುತ್ತಿದ್ದೆ. ಕೊನೆಗೊಂದು ದಿನ ಸ್ಟುಡಿಯೋದ ದೊಡ್ಡ ಪರದೆಯ ಮೇಲೆ ಒಂದೊಂದು ಎಳೆಯೂ, ಎಳೆಯ ಮೇಲಿನ ನವಿರೂ ಕಂಡಿತು. ಸೊಳ್ಳೆಯ ಕಾಲನ್ನೂ ಎಣಿಸಬಹುದಿತ್ತು.

ಮೊನ್ನೆ ಗುರುವಾರ ಸಂಜೆ ಒಂದು ಬೂದು ಕೋಟು ಮುಗಿಸಿ ಫೋಟೊ ತೆಗೆದೆ. ಶುಕ್ರವಾರ ಬೆಳಗ್ಗೆ ಅದೇ ಜಾಗದ್ದು ಇನ್ನೊಂದು. ಎರಡನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಒಂದರಲ್ಲಿ ನೇಯ್ಗೆ ಅಚ್ಚುಕಟ್ಟು. ಇನ್ನೊಂದರಲ್ಲಿ ಎಳೆ ತಪ್ಪಿ, ಮೂರು ಕಡೆ ಕಿಂಡಿ, ದಾರವೂ ಬೂದಲ್ಲ, ಹಸಿರು. ಯಜಮಾನರ ಮೇಜಿನ ಮೇಲೆ ಹರಡಿ, ನಾದಿನಿಯನ್ನು ಕರೆಸಿ ಅವರಿಗೆ ಹೇಳಿದೆ, "ನನ್ನ ಕೆಲಸ ಹೇಗಿತ್ತು, ಇವಳು ಏನು ಮಾಡಿಟ್ಟಿದ್ದಾಳೆ, ನೀವೇ ನೋಡಿ."

ಯಜಮಾನರು ಕನ್ನಡಕ ಏರಿಸಿ ಎರಡನ್ನೂ ನೋಡಿದರು. "ಯಾವುದಮ್ಮ ನಿಮ್ದು?"

ಅಚ್ಚುಕಟ್ಟಾದದ್ದನ್ನು ತೋರಿಸಿದೆ.

"ಮೂಲೇಲಿ ತಾರೀಕು ಇದ್ಯಲ್ಲ. ಇದು ಹನ್ನೆರಡು, ಬೆಳಗ್ಗೆ ಒಂಬತ್ತು." ಕಿಂಡಿ ಬಿದ್ದದ್ದರ ಮೇಲೆ ಬೆರಳಿಟ್ಟರು. "ಇದು ಹನ್ನೊಂದು, ಸಂಜೆ ಐದೂವರೆ."

ಮೂಲೆಯಲ್ಲಿ ಅಂಕಿಗಳಿದ್ದದ್ದೇ ನನಗೆ ಕಂಡಿರಲಿಲ್ಲ.

ನಾದಿನಿ ತಲೆಯೆತ್ತಲಿಲ್ಲ. "ಎಂಟು ತಿಂಗಳಿಂದ ಬಿಚ್ಚಿ ಹಾಕ್ತಿದ್ದೀನಿ ಅತ್ತಿಗೆ. ನಿಮಗೆ ಹೇಳೋಕೆ ಬಾಯಿ ಬರಲಿಲ್ಲ," ಎಂದಳು. ಅವಳು ಒಂದು ಗಂಟೆ ಮುಂಚೆ ಬರುತ್ತಿದ್ದದ್ದು ನನ್ನ ಮಾನ ಉಳಿಸುವುದಕ್ಕೆ. ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಅವಳ ಕೈ ಹಿಡಿದುಕೊಂಡು ತಪ್ಪಾಯಿತು ಎಂದೆ. "ಬಿಡಿ ಅತ್ತಿಗೆ, ನನಗೆ ನೇಯ್ಗೆ ಕಲಿಸಿದ್ದು ಯಾರು?" ಎಂದು ಅವಳೇ ಅತ್ತಳು.

ಆವತ್ತೇ ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಬಲಗಣ್ಣಿಗೆ ಆಪರೇಷನ್ ಮಾಡಿದರೆ ಪರವಾಗಿಲ್ಲವಂತೆ. ಎಡಗಣ್ಣು ಬಹುಪಾಲು ಹೋಗಿದೆ, ಅದು ತಿರುಗಿ ಬಾರದಂತೆ. ನಾಳೆಯಿಂದ ನನಗೆ ಮುಂದಿನ ಕೌಂಟರಿನಲ್ಲಿ ಬಟ್ಟೆ ಪಡೆಯುವ ಕೆಲಸ. ಯಜಮಾನರು ದೊಡ್ಡ ಮನಸ್ಸು ಮಾಡಿದರು.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಮೈಮುರಿದು ದುಡಿಯಬೇಡ. ನೂರು ಕಾಲ ಸುಖವಾಗಿರು, ನಿನ್ನ ಕಣ್ಣು ಕೊನೆಯವರೆಗೂ ಚೆನ್ನಾಗಿರಲಿ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಡಾಕ್ಟರ ಬಾಗಿಲಲ್ಲಿ ಕೂತಿದ್ದಾಗ ನಾದಿನಿ ಬಾಯಿತಪ್ಪಿ ಒಂದು ವಿಷಯ ಹೇಳಿದಳು. ಜನವರಿಯಲ್ಲಿ ನೀನು ನಾಲ್ಕು ದಿನ ಬಂದಿದ್ದಾಗ ಅವಳನ್ನು ಪಕ್ಕಕ್ಕೆ ಕರೆದು, "ಅಮ್ಮನಿಗೆ ಕಣ್ಣು ಕಾಣ್ತಿಲ್ಲ ಅತ್ತೆ, ಅವಳಿಗೆ ಗೊತ್ತಾಗದ ಹಾಗೆ ನೋಡ್ಕೊಳಿ" ಎಂದೆಯಂತೆ. ನನಗೇ ಹೇಳಬಹುದಿತ್ತಲ್ಲ. ಆಗಲೇ ಹೇಳಿದ್ದರೆ ಎಡಗಣ್ಣು ಉಳಿಯುತ್ತಿತ್ತೋ ಏನೋ, ಡಾಕ್ಟರನ್ನು ನಾನು ಕೇಳಲಿಲ್ಲ. ನಾನು ಕೇಳಬೇಕೆಂದಿರುವುದು ಬೇರೆ. ಆ ನಾಲ್ಕು ದಿನವೂ ಮೆಟ್ಟಿಲಿಳಿಯುವಾಗ ನೀನು ನನ್ನ ಕೈ ಹಿಡಿದುಕೊಂಡೆ. ಎಷ್ಟು ವರ್ಷದ ಮೇಲೆ ಮಗಳು ಕೈ ಹಿಡಿದಳು ಎಂದು, ನೀನು ಹೋದ ಮೇಲೂ ಎಷ್ಟೋ ದಿನ ಅದನ್ನೇ ನೆನೆಸಿಕೊಂಡು ಹಿಗ್ಗಿದ್ದೆ. ನನ್ನ ಕಣ್ಣು ಚೆನ್ನಾಗಿದ್ದಿದ್ದರೂ ಹಿಡಿದುಕೊಳ್ಳುತ್ತಿದ್ದೆಯಾ? ಅಷ್ಟು ಮಾತ್ರ ಬರೆ.