ವಾರದ ಊಟ

ಸೋಮವಾರ, ಮಾರ್ಚ್ 18, 2024. ಸಂಜೆ 6.40

ಇವತ್ತೂ ಎಲ್ಲರಿಗೂ ಊಟ ಮಾಡಿಸಿದೆ. ನಲವತ್ತೊಂದು ಜನ, ಸೋಮವಾರದಿಂದ ಶನಿವಾರದವರೆಗೆ, ದಿನಕ್ಕೆ ಅರ್ಧ ಗಂಟೆ. ಬೆಳಿಗ್ಗೆ ಹತ್ತೂವರೆಗೇ ಮುಗಿಯಿತು. ಬೆರಳು ನೋಯುತ್ತಿದೆ.

ಟೈಮ್ ಆಫೀಸಿನಲ್ಲಿ ಹಾಜರಿ ಪುಸ್ತಕದ ಪಕ್ಕ ಇನ್ನೊಂದು ಪುಸ್ತಕ — ವಿಶ್ರಾಂತಿ ರಿಜಿಸ್ಟರ್. ಹೆಸರು, ಒಂದರಿಂದ ಒಂದೂವರೆ, ಸಹಿ. ಐದು ತಾಸು ದುಡಿದವರಿಗೆ ಅರ್ಧ ತಾಸು ಬಿಡುವು ಕೊಡಲೇಬೇಕು ಅಂತ ಕಾನೂನು. ಅದಿರು ಸಾಗಿಸುವ ಬೆಲ್ಟ್ ನಿಲ್ಲಲೇಬಾರದು ಅಂತ ಕಂಪನಿ. ಎರಡೂ ನಡೆಯಬೇಕಾದರೆ ನನ್ನಂಥವಳೊಬ್ಬಳು ಪೆನ್ನು ಹಿಡಿದು ಕೂತಿರಬೇಕು. ಮೊದಲು ಅವರವರೇ ಸಹಿ ಹಾಕುತ್ತಿದ್ದರು. ಸಾಲು ನಿಂತರೆ ಕೆಲಸ ಕೆಡುತ್ತದೆ ಅಂತ ಎಚ್.ಆರ್. ವಿಭಾಗದ ಮನೋಹರ್ ಸಾಹೇಬರು ಅದನ್ನೂ ನನ್ನ ತಲೆಗೇ ಕಟ್ಟಿದರು. ಈಗ ಸೋಮವಾರ ಬಂತೆಂದರೆ ಶನಿವಾರದವರೆಗಿನದನ್ನೂ ಮುಂಚೆಯೇ ತುಂಬಬೇಕು. ನಾಲ್ಕು ಬಗೆಯ ಪೆನ್ನು, ನಲವತ್ತೊಂದು ಬಗೆಯ ಸಹಿ. ನನ್ನದೂ ಸೇರಿ ನಲವತ್ತೆರಡು.

ಕೆಲಸದವರು ಇದಕ್ಕೆ ಇಟ್ಟ ಹೆಸರು 'ವಾರದ ಊಟ'. ಕಿಟಕಿ ಹತ್ತಿರ ಬಂದು "ಊಟ ಆತೇನ್ರಿ ಅಕ್ಕಾರ?" ಅಂದರೆ, ಸಹಿ ಹಾಕಿದಿರಾ ಅಂತ. ಆತು ಅನ್ನುತ್ತೇನೆ. ನಗುತ್ತಾರೆ. ನಾನೂ ನಗುತ್ತೇನೆ. ನನ್ನ ಊಟದ ಡಬ್ಬಿ ಮಾತ್ರ ಹೋದ ಹಾಗೇ ಚಿತ್ತವಾಡ್ಗಿಯ ಮನೆಗೆ ವಾಪಸ್ ಬಂತು.

ಬುಧವಾರ, ಮಾರ್ಚ್ 20

ನೀರು ಕುಡಿಯುವುದಿಲ್ಲ ಅಂತ ಡಾಕ್ಟರ್ ಬೈದರು. ಉರಿಮೂತ್ರ, ಮೂರನೇ ಸಲ. ಕುಡಿದರೆ ಹೋಗಬೇಕಾಗುತ್ತದೆ. ಹೋದರೆ ಕಿಟಕಿ ಖಾಲಿ. ಕಿಟಕಿ ಖಾಲಿ ಆದರೆ ಮನೋಹರ್ ಸಾಹೇಬರ ಫೋನು. ಇದನ್ನೆಲ್ಲ ಡಾಕ್ಟರಿಗೆ ಹೇಗೆ ಹೇಳಲಿ... ಮಾತ್ರೆ ತಂದೆ.

ರೇಣುಕಮ್ಮ ಎರಡು ಬಾಳೆಹಣ್ಣು ಕೊಟ್ಟಳು. ಕಡ್ಡಿರಾಂಪುರದವಳು. ಬೆಲ್ಟಿನ ಕೆಳಗೆ ಉದುರಿದ ಅದಿರಿನ ಪುಡಿ ಬಳಿದು ಮತ್ತೆ ಬೆಲ್ಟಿಗೆ ಹಾಕುವ ಕೆಲಸ. ಸಂಜೆ ಹೊತ್ತಿಗೆ ಕಣ್ಣಿನ ಬಿಳಿ ಬಿಟ್ಟು ಉಳಿದದ್ದೆಲ್ಲ ಕೆಂಪು. ಸಲಿಕೆ ಬಗಲಲ್ಲಿ ಇಟ್ಟುಕೊಂಡು ನಿಂತೇ ರೊಟ್ಟಿ ತಿನ್ನುತ್ತಾಳೆ.

"ಕುಂತು ತಿನ್ನಬಾರದೇನ ರೇಣುಕಾ?"

"ಕುಂತ್ರ ಏಳಾಕ ಮನಸಾಗಂಗಿಲ್ಲ ಅಕ್ಕಾರ. ಅಲ್ಲದ ನೀವು ಸೋಮವಾರನ ಕುಂದ್ರಿಸಿ ಉಣ್ಣಿಸೀರಲ್ಲ."

ನಾಲಿಗೆ ಚುರುಕು ಇವಳದು. ಅದಕ್ಕೇ ಇಷ್ಟ.

ಮಂಗಳವಾರ, ಮಾರ್ಚ್ 26

ಆಡಿಟ್. ಹೊರಗಿನವರು ಇಬ್ಬರು. ಒಂದು ಗಂಟೆಗೆ ಸೈರನ್ ಕೂಗಿತು — ಅಂಥದ್ದೊಂದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಬೆಲ್ಟ್ ನಿಂತಿತು. ಸದ್ದು ನಿಂತಾಗ ಎಲ್ಲರೂ ತಲೆ ಎತ್ತಿ ನೋಡಿದರು, ಏನೋ ಕೆಟ್ಟಿತು ಅಂತ. ಶೆಡ್ಡಿನಲ್ಲಿ ಹೊಸ ಬೆಂಚು, ಹೊಸ ನೀರಿನ ಕ್ಯಾನು. ರೇಣುಕಮ್ಮ ಬೆಂಚಿನ ತುದಿಯಲ್ಲಿ ಕೂತಳು, ಬಸ್ಸಿನಲ್ಲಿ ಯಾರದೋ ಟವೆಲ್ ಹಾಕಿದ ಸೀಟಿನಲ್ಲಿ ಕೂತವರ ಹಾಗೆ.

ಆಡಿಟರ್ ನನ್ನ ರಿಜಿಸ್ಟರ್ ನೋಡಿ "ವೆರಿ ನೀಟ್" ಅಂದರು. ಖುಷಿ ಆಯಿತು. ಇಲ್ಲಿಯಾದರೂ ಸುಳ್ಳು ಯಾಕೆ ಬರೆಯಲಿ, ಖುಷಿ ಆಯಿತು.

ಮೂರಕ್ಕೆ ಅವರ ಕಾರು ಗೇಟು ದಾಟಿತು. ಮೂರೂವರೆಗೆ ಬೆಂಚು ಗೆಸ್ಟ್ ಹೌಸಿಗೆ ಹೋಯಿತು.

ಗುರುವಾರ, ಏಪ್ರಿಲ್ 4. ಸಂಜೆ

ರೇಣುಕಮ್ಮನ ಕೈ ಬೆಲ್ಟಿಗೆ ಸಿಕ್ಕಿತು. ಬಲಗೈ. ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ. ಮೊದಲು ಹೊಸಪೇಟೆ, ಅಲ್ಲಿಂದ ಬಳ್ಳಾರಿಗೆ ಒಯ್ದರು. ಬೆಲ್ಟ್ ಎರಡು ಗಂಟೆಗೆ ಮತ್ತೆ ಶುರು.

ಬರೆಯಲು ಆಗುತ್ತಿಲ್ಲ.

ಸೋಮವಾರ, ಏಪ್ರಿಲ್ 15. ಸಂಜೆ 7

ಹನ್ನೊಂದು ದಿನ ಈ ಪುಸ್ತಕ ಮುಟ್ಟಲಿಲ್ಲ. ಆಫೀಸಿನ ಆ ಪುಸ್ತಕ ಮುಟ್ಟದೆ ವಿಧಿ ಇಲ್ಲ. ಸೋಮವಾರ. ರೇಣುಕಮ್ಮನ ಸಾಲಿಗೆ ಬಂದಾಗ ಕೈ ತಾನಾಗಿ 'ರೇ' ಬರೆದು ಬಾಲ ಎಳೆದುಬಿಟ್ಟಿತು. ವೈಟ್ನರ್ ಹಚ್ಚಿದೆ.

ಮನೋಹರ್ ಸಾಹೇಬರು ಕರೆಸಿದರು. "ಕುಂದ್ರಿ ಮೇಡಂ" ಅಂದರು. ಆರು ವರ್ಷದಲ್ಲಿ ಮೊದಲ ಸಲ. ಕೂತಾಗಲೇ ಹೆದರಿಕೆ ಆಯಿತು. ಮೇಜಿನ ಮೇಲೆ ನನ್ನ ರಿಜಿಸ್ಟರ್, ಏಪ್ರಿಲ್ ನಾಲ್ಕರ ಪುಟ.

"ನೋಡ್ರಿ, ಒಂದರಿಂದ ಒಂದೂವರಿ ಆಕಿ ರೆಸ್ಟಿನ್ಯಾಗ ಅದಾಳ. ಸಹಿ ಐತಿ. ಬಿಡುವಿನ್ಯಾಗ ಬೆಲ್ಟ್ ಹತ್ರ ಯಾಕ ಹೋದ್ಲು? ಯಾರ ಹೋಗಂದ್ರು? ಇದು ಕೆಲಸದಾಗ ಆಗಿದ್ದಲ್ಲ. ಆಕಿದ ತಪ್ಪು."

"ಆ ಸಹಿ ನಾನ ಹಾಕಿದ್ದು ಸರ್. ಸೋಮವಾರ."

"ಹಂಗ ಎಲ್ಲೂ ಅನ್ನಬ್ಯಾಡ್ರಿ. ಮಂದಿ ಸಹಿ ಹಾಕೋದು ಕೇಸ್ ಆಕೈತಿ, ನಿಮ್ಮ ಮ್ಯಾಲೆ. ನಾ ಹಾಕ್ರಿ ಅಂತ ಎಲ್ಲೆರ ಬರ್ದು ಕೊಟ್ಟೀನೇನು?"

ಇಲ್ಲ. ಅವರು ಒಂದಕ್ಷರ ಬರೆದುಕೊಟ್ಟಿಲ್ಲ. ಬರೆದದ್ದೆಲ್ಲ ನಾನೇ.

ಮುಂದಿನ ತಿಂಗಳು ಕಾರ್ಮಿಕ ಅಧಿಕಾರಿಗಳ ಮುಂದೆ ವಿಚಾರಣೆ. ನಾನು ಸಾಕ್ಷಿ, ಕಂಪನಿ ಕಡೆಯಿಂದ. ಕಂಪನಿಯ ಮಾತೇ ಗೆದ್ದರೆ ರೇಣುಕಮ್ಮನಿಗೆ ಪರಿಹಾರವೂ ಇಲ್ಲ, ಕೆಲಸವೂ ಇಲ್ಲ. ಕೈ ಅಂತೂ ಇಲ್ಲ. ಮೊಣಕೈ ಕೆಳಗೆ ತೆಗೆದುಬಿಟ್ಟಿದ್ದಾರೆ.

ಭಾನುವಾರ, ಏಪ್ರಿಲ್ 21

ಕಡ್ಡಿರಾಂಪುರಕ್ಕೆ ಹೋಗಿದ್ದೆ. ಅವಳ ಗಂಡ ಹುಲಿಗೇಶ್ ಹಂಪಿಗೆ ಆಟೋ ಹೊಡೆಯುತ್ತಾನೆ. ಹದಿನೈದು ದಿನದಿಂದ ಆಟೋ ಅಂಗಳದಲ್ಲೇ ನಿಂತಿದೆ. ಚಹಾ ತಾನೇ ಮಾಡಿ ತಂದ.

"ಈಕಿ ಊಟಕ್ಕ ಹೋಗಿದ್ಲು ಅಂತಾರಲ್ರಿ ಕಂಪನಿಯೋರು. ಪುಸ್ತಕದಾಗ ಸಹಿ ಐತಂತ. ಹೌದೇನ್ರಿ?"

ರೇಣುಕಮ್ಮ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ನಾನು ಚಹಾ ಕುಡಿದೆ. ಬಿಸಿ ಐತಿ ಅಂದೆ. ಎದ್ದು ಬಂದೆ. ಥೂ ನನ್ನ ಜನ್ಮಕ್ಕೆ.

ಅವಳು ಯಾಕೆ ಹಾಗೆ ನೋಡಿದಳು ಅಂತ ನನಗೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ. ಇಲ್ಲಿ ಬರೆದುಬಿಡುತ್ತೇನೆ.

ಏಪ್ರಿಲ್ ನಾಲ್ಕು. ಹನ್ನೆರಡೂ ಐವತ್ತು. ಆ ದಿನ ಬಿಸಿಲು ಕಣ್ಣು ಬಿಡಿಸುತ್ತಿರಲಿಲ್ಲ. ರೇಣುಕಮ್ಮ ಕಿಟಕಿಗೆ ಬಂದಳು. ಸರಳು ಹಿಡಿದುಕೊಂಡಿದ್ದಳು. ತುಟಿ ಒಣಗಿತ್ತು.

"ಅಕ್ಕಾರ, ತಲಿ ತಿರುಗಾಕತ್ತೈತಿ. ಹತ್ತು ಮಿನಿಟು ಇಲ್ಲೇ ನೆಳ್ಳಿಗೆ ಕುಂದ್ರಲೇನು? ಸೂಪರ್‌ವೈಸರ್‌ಗೆ ನೀವಷ್ಟು ಹೇಳ್ರಿ."

ನನ್ನ ಮುಂದೆ ಕಾಂಟ್ರ್ಯಾಕ್ಟರ್ ಲಿಸ್ಟ್ ಇತ್ತು. ಒಂದು ಗಂಟೆಯೊಳಗೆ ಮೇಲ್ ಮಾಡಬೇಕಿತ್ತು. ಹೊಟ್ಟೆಯ ಕೆಳಗೆ ಉರಿ ಬೇರೆ. ರಿಜಿಸ್ಟರ್ ತೆಗೆದು ಅವಳ ಕಡೆ ತಿರುಗಿಸಿದೆ. ಅವಳ ಸಾಲಿನ ಮೇಲೆ ಬೆರಳಿಟ್ಟೆ.

"ನಿಂದು ಸೋಮವಾರನ ಊಟ ಆಗೈತಿ ನೋಡು. ಎಷ್ಟು ಸಲ ಉಣ್ತೀ?"

ಚೇಷ್ಟೆಗೆ ಅಂದೆ. ದಿನಾ ಅನ್ನುವ ಮಾತೇ. ಅವಳೂ ನಕ್ಕಳು. ನಕ್ಕು, ಸಲಿಕೆ ಎತ್ತಿಕೊಂಡು ಹೋದಳು. ಇಪ್ಪತ್ತು ನಿಮಿಷಕ್ಕೆ ಕೂಗು ಕೇಳಿತು.

ಅವಳನ್ನು ಬೆಲ್ಟಿಗೆ ಮನೋಹರ್ ಸಾಹೇಬರು ಕಳಿಸಲಿಲ್ಲ. ಸೂಪರ್‌ವೈಸರ್ ಕಳಿಸಲಿಲ್ಲ. ಅವಳು ಬಿಡುವು ಕೇಳಿದ್ದು ನನ್ನ ಹತ್ತಿರ. ಇಲ್ಲ ಅಂದವಳು ನಾನು.

ಬುಧವಾರ, ಮೇ 15

ಮೊನ್ನೆ ನಮ್ಮವರಿಗೆ ಅರ್ಧ ಹೇಳಿದೆ. ಸಹಿಯ ವಿಷಯ ಮಾತ್ರ.

"ನಿನಗ್ಯಾಕ ಬೇಕು ಊರ ಉಸಾಬರಿ?" ಅಂದರು. "ನನ್ನ ಅಂಗಡಿ ಹೆಂಗ ನಡಿತೈತಿ ಗೊತ್ತೈತಿಲ್ಲೋ? ಕೇಳಿದ್ರ ಗೊತ್ತಿಲ್ಲ ಅಂದ್ಬಿಡು. ಮುಗೀತು."

ಗೊತ್ತಿಲ್ಲ ಅನ್ನುವುದನ್ನು ಎರಡು ದಿನ ಮನಸ್ಸಿನಲ್ಲೇ ರೂಢಿ ಮಾಡಿದೆ. ಸುಲಭ. ಸಹಿ ಹಾಕುವುದಕ್ಕಿಂತ ಸುಲಭ. ಆಮೇಲೆ ಈ ಡೈರಿಯಲ್ಲಿ ಕಿಟಕಿಯ ಮಾತು ಬರೆದ ಆ ಪುಟ ತೆಗೆದು ಹರಿಯಲು ಹೋದೆ. ಅಂಚು ಒಂದಿಷ್ಟು ಹರಿಯಿತು. ಬಿಟ್ಟೆ.

ಗುರುವಾರ, ಮೇ 23. ಮಧ್ಯಾಹ್ನ 1.05. ವಿಚಾರಣೆ ಕಚೇರಿ, ಹೊರಗಿನ ಬೆಂಚು

ಇಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಹನ್ನೆರಡೂವರೆಗೆ ಕರೆದರು. ಅಧಿಕಾರಿಗಳು ರಿಜಿಸ್ಟರ್ ತೋರಿಸಿದರು. "ಇದು ರೇಣುಕಮ್ಮನ ಸಹಿನಾ?"

ಗೊತ್ತಿಲ್ಲ ಅನ್ನಬೇಕಿತ್ತು. ಎದುರಿಗೆ ಅವಳು. ಮಡಿಚಿ ಪಿನ್ನು ಹಾಕಿದ ರವಿಕೆ ತೋಳು.

"ಅಲ್ರಿ. ನಂದು. ಆ ಪುಟದಾಗ ಇರೋವೆಲ್ಲ ನಾನ ಹಾಕಿದ್ದು. ಸೋಮವಾರಕ್ಕೊಮ್ಮೆ, ವಾರದ್ದೆಲ್ಲ. ಅಲ್ಲಿ ಯಾರೂ ಕುಂತು ಉಂಡಿಲ್ರಿ."

ಮನೋಹರ್ ಸಾಹೇಬರು ಫ್ಯಾನು ನೋಡಿದರು. ಕಂಪನಿ ವಕೀಲರು ಎದ್ದರು. ಈಕೆಯ ಮಾತಿಗೆ ಏನು ಆಧಾರ, ಕಂಪನಿ ಮೇಲಿನ ಸಿಟ್ಟಿಗೆ ಹೇಳುತ್ತಿರಬಹುದು, ಅಂದರು.

"ಬರ್ದಿಟ್ಟೀನ್ರಿ" ಅಂದುಬಿಟ್ಟೆ. "ಅವತ್ತಿಂದು ಅವತ್ತು. ಸ್ವಂತ ಡೈರಿ. ಬ್ಯಾಗಿನ್ಯಾಗ ಐತಿ."

ಅಧಿಕಾರಿಗಳು ಕೈ ಚಾಚಿದರು. ಗೋಡೆ ಗಡಿಯಾರ ನೋಡಿದರು. ಸರಿಯಾಗಿ ಒಂದು. "ಆಯ್ತು, ಊಟ ಮುಗಿಸಿ ಒಂದೂವರೆಗೆ ಕೊಡಿ." ಎಲ್ಲರೂ ಎದ್ದರು. ವಕೀಲರು, ಟೈಪಿಸ್ಟ್, ಮನೋಹರ್ ಸಾಹೇಬರು. ಕೆಲಸ ನಿಲ್ಲಬಾರದು ಅಂತ ಯಾರೂ ಅನ್ನಲಿಲ್ಲ. ಎಷ್ಟು ಸಲೀಸಾಗಿ ಎದ್ದರು.

ಅರ್ಧ ಗಂಟೆ. ಆರು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಬಿಡುವು ಇದು.

1.15

ಮನೋಹರ್ ಸಾಹೇಬರು ಬಂದರು. ದನಿ ಮೆತ್ತಗೆ. "ಡೈರಿ ಬ್ಯಾಗಿನ್ಯಾಗ ಐತಿ ಅನ್ಕೊಂಡಿದ್ದೆ, ಮನ್ಯಾಗ ಬಿಟ್ಟು ಬಂದೀನಿ ಅನ್ರಿ ಸಾಕು. ಉಳಿದಿದ್ದು ನಾ ನೋಡ್ಕೊಂತೀನಿ. ಅದರಾಗ ನಿಮ್ದ ಏನೇನು ಬರ್ದೀರೋ... ನಿಮಗ ತಿರುಗೀತು."

ತಿರುಗುತ್ತದೆ. ಅವರು ಓದದೆಯೇ ಸರಿಯಾಗಿ ಹೇಳಿದರು. ಆ ಪುಟ ಇದ್ದರೆ ಅವಳು ತಲೆ ತಿರುಗಿ ಬಿಡುವು ಕೇಳಿದ್ದು, ಸಿಗದೆ ಕೆಲಸಕ್ಕೇ ಮರಳಿದ್ದು ಎಲ್ಲರಿಗೂ ಗೊತ್ತಾಗುತ್ತದೆ. ಕೊಡದೆ ನಕ್ಕವಳು ಯಾರು ಅನ್ನುವುದೂ. ಹುಲಿಗೇಶನಿಗೂ, ನಮ್ಮವರಿಗೂ. ಹರಿದರೆ ನಾನು ಬರೀ ಸಹಿ ಹಾಕಿದವಳು. ಅಂಚು ಆಗಲೇ ಹರಿದಿದೆ. ಇನ್ನೊಂದು ಎಳೆತ.

1.22

ರೇಣುಕಮ್ಮ ಬಂದು ಪಕ್ಕದಲ್ಲಿ ಕೂತಳು.

"ಊಟ ಆತೇನ್ರಿ ಅಕ್ಕಾರ?"

ಮುಖ ನೋಡಿದೆ. ನಗುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ.

"ಇಲ್ಲ" ಅಂದೆ.

ತನ್ನ ಡಬ್ಬಿಯನ್ನು ಎಡಗೈಯಿಂದ ನನ್ನ ಕಡೆ ದೂಡಿದಳು. "ಮುಚ್ಚಳ ಬಿಗಿ ಐತಿ. ನನಗ ಬರಂಗಿಲ್ಲ."

ತೆಗೆದುಕೊಟ್ಟೆ. ಎರಡು ರೊಟ್ಟಿ, ಪುಂಡಿಪಲ್ಯ. ತೊಡೆಯ ಮೇಲೆ ಇಟ್ಟುಕೊಂಡಳು. ಒಂದೇ ಕೈಯಲ್ಲಿ ರೊಟ್ಟಿ ಮುರಿಯುವುದು ಹೇಗೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿ ಹಿಡಿದು ಉಳಿದ ಬೆರಳಿನಿಂದ ಎಳೆಯುತ್ತಾಳೆ. ಎರಡು ಸಲ ಜಾರಿತು. ಮುರಿದುಕೊಡಲಾ ಅಂದೆ. ಬ್ಯಾಡ ಅಂದಳು.

ಕೂತು ತಿನ್ನುತ್ತಿದ್ದಾಳೆ. ಅವಳು ಕೂತು ತಿನ್ನುವುದನ್ನು ಆಡಿಟ್ ದಿನ ಬಿಟ್ಟರೆ ಇವತ್ತೇ ನೋಡುತ್ತಿರುವುದು.

1.28

ಪ್ಯೂನ್ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾನೆ. ಪುಸ್ತಕ ತಗೊಂಡು ಬರ್ರಿ ಅಂತ. ಪುಟ ಹರಿದಿಲ್ಲ. ಗುರುತಿಗೆ ಮೂಲೆ ಮಡಿಚಿದ್ದೇನೆ, ಹುಡುಕುವ ತ್ರಾಸು ಅವರಿಗೆ ಬೇಡ.

ಮತ್ತೆ ಕರೆದ. ಇನ್ನೂ ಎರಡು ನಿಮಿಷ ಇದೆ ಅಂದೆ. ಅವಳ ಕೈಯಲ್ಲಿ ಅರ್ಧ ರೊಟ್ಟಿ ಇದೆ. ಅದು ಮುಗಿಯುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ.